ಬಾನೆಟ್ಟಿಗೊಂದು ಕೈ ಮೇಣ

ಲೇಪನದ ದ್ರಾವಣ ಹರಡಲಿಲ್ಲ. ಬಟ್ಟೆ ಸುತ್ತಿದ ಸ್ಪಂಜಿನ ತುಂಡನ್ನು ಮಗಳು ಬಾನೆಟ್ಟಿನ ಮೇಲೆ ಅಡ್ಡಡ್ಡ ಎಳೆದಳು, ಆಮೇಲೆ ಉದ್ದುದ್ದ ಎಳೆದಳು. ತೆಳ್ಳಗೆ ಒಂದೇ ಸಮನೆ ಕೂರಬೇಕಾದದ್ದು ಹನಿ ಹನಿಯಾಗಿ ಮುದುಡಿ, ಮುನಿಸಿಕೊಂಡ ನೆಂಟರ ಹಾಗೆ ದೂರ ದೂರ ನಿಂತಿತು.

ಆ ನೀಲಿ ಕಾರು ಅಪ್ಪನದು. ಊಟ ತಪ್ಪಿದರೂ ಭಾನುವಾರ ಅದಕ್ಕೆ ಮೇಣ ತಿಕ್ಕುವುದು ತಪ್ಪುತ್ತಿರಲಿಲ್ಲ. ಕಾರುಗಳಿಗೆ ಹೊಳಪು ಕೊಡುವ ಅಂಗಡಿ ಅವನದು, ಹಾಗಾಗಿ ಬೀದಿಯವರಿಗೆಲ್ಲ ಅವನು ಪಾಲಿಶಣ್ಣ. ಈಗ ಬಲಭುಜ ಏಳುತ್ತಿರಲಿಲ್ಲ. ಅಂಗಡಿಯನ್ನು ಪಕ್ಕದ ಟೈರಿನವನಿಗೆ ಬಿಟ್ಟುಕೊಡುವ ಮಾತು ನಡೆದಿತ್ತು. "ನಾನಿದ್ದೀನಲ್ಲಪ್ಪ" ಎಂದು ಮಗಳು ಹಟ ಹಿಡಿದಳು. ವರ್ಷಗಟ್ಟಲೆ ಬಾಳುವ ಸೆರಾಮಿಕ್ ಲೇಪನ ಮಾಡುವುದನ್ನು ಅವಳು ಬೇರೊಂದು ಕಡೆ ಕೆಲಸಕ್ಕಿದ್ದು ಕಲಿತು ಬಂದಿದ್ದಳು. ಆದರೆ ಹಿತ್ತಲ ಗಿಡ ಮದ್ದಲ್ಲ. ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಕೊನೆಗೆ ಟೈರಿನವನೇ ಪಂದ್ಯ ಕಟ್ಟಿದ: "ನಿಮ್ಮ ಕಾರಿಗೇ ಮಾಡ್ಲಿ ಬಿಡಿ ಅಣ್ಣ. ಸೋಮವಾರ ಬೆಳಿಗ್ಗೆ ಬಂದು ನೋಡ್ತೀನಿ. ಚೆನ್ನಾಗಾದ್ರೆ ಅಂಗಡಿ ಅವಳಿಗೆ, ಕೆಟ್ರೆ ನನಗೆ." ಅದಕ್ಕೆ ಮಾತ್ರ ಅಪ್ಪ ತಲೆಯಾಡಿಸಿದ.

ಶನಿವಾರವಿಡೀ ಅವಳು ಕಾರು ತೊಳೆದಳು, ಯಂತ್ರ ಹಿಡಿದು ಗೀರುಗಳನ್ನು ತೆಗೆದಳು, ಹಳೆಯ ಮೇಣದ ಲವಲೇಶವೂ ಉಳಿಯದಂತೆ ಸ್ಪಿರಿಟ್ಟಿನಲ್ಲಿ ಒರೆಸಿದಳು. ಈ ಲೇಪನಕ್ಕೆ ಬಣ್ಣದ ಬರಿಮೈ ಬೇಕು. ನಡುವೆ ಚೂರು ಜಿಡ್ಡಿದ್ದರೂ ಹಿಡಿಯುವುದಿಲ್ಲ. ಹಾಗಿರುವಾಗ ಭಾನುವಾರ ಬೆಳಿಗ್ಗೆ ಇದೇನಾಯಿತು? ಅವಳು ಬಗ್ಗಿ ಬಾನೆಟ್ಟಿಗೆ ಮೂಗು ಹಿಡಿದಳು. ಮೇಣ! ಚಿಕ್ಕಂದಿನಿಂದ ಅಪ್ಪನ ಅಂಗಿಯಲ್ಲಿ ಮೂಸಿದ್ದ ಅದೇ ವಾಸನೆ.

"ಅಪ್ಪಾ!"

ಅಂಗಡಿ ಬಾಗಿಲ ಬಳಿ ನಿಂತಿದ್ದ ಅಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಬೆಳಿಗ್ಗೆ ಇಲ್ಲಿಗೆ ಬಂದಿದ್ಯಾ?"

"ಬಂದಿದ್ದೆ. ಯಾಕೆ, ಬರಬಾರ್ದಾ?"

"ಮೇಣ ಹಚ್ಚಿದ್ಯಾ?"

"ಒಂದೇ ಒಂದು ಕೈ ಕಣಮ್ಮ."

ಸಿಟ್ಟು ಅವಳ ನೆತ್ತಿಗೇರಿತು. ಹನಿಗಳು ಒಣಗಿದರೆ ಕಲ್ಲಾಗುತ್ತವೆ. ಅದಕ್ಕೇ ಕೈ ಒರೆಸುತ್ತಲೇ ಇತ್ತು, ಬಾಯಿ ಬೈಯುತ್ತಲೇ ಇತ್ತು. "ನಾನು ಸೋಲ್ಲಿ ಅಂತಾನಾ? ಟೈರಿನವನಿಗೇ ಕೊಡ್ಬೇಕು ಅಂತಿದ್ರೆ ನೆಟ್ಟಗೆ ಹೇಳ್ಬಾರ್ದಿತ್ತಾ? ನಿನ್ನೆ ಇಡೀ ದಿನ ಪಟ್ಟ ಪಾಡೆಲ್ಲ ನೀರಲ್ಲಿ ಹೋಮ ಮಾಡ್ಬಿಟ್ಯಲ್ಲಪ್ಪ!"

"ಅಯ್ಯಯ್ಯೋ, ಬಿಡ್ತು ಅನ್ನು!" ಅಪ್ಪನ ಮುಖ ಕಪ್ಪಿಟ್ಟಿತು. "ನೀನು ಒರೆಸಿಟ್ಟಿದ್ದು ನೋಡಿದ್ರೆ ಕಾರು ಉಪವಾಸ ಇದ್ದ ಹಾಗಿತ್ತು. ಈ ಮುಖ ಇಟ್ಕೊಂಡು ಹುಡುಗಿ ಹ್ಯಾಗೆ ಗೆಲ್ತಾಳೆ ಅನ್ನಿಸ್ತು. ಅಡೀಲಿ ಒಂದು ಕೈ ಮೇಣ ಇದ್ರೆ ನಿನ್ನ ಲೇಪ ಇನ್ನೂ ಹೊಳೆಯುತ್ತೆ, ಅವನ ಬಾಯಿ ಮುಚ್ಚುತ್ತೆ ಅಂದ್ಕೊಂಡೆ. ಬಾನೆಟ್ ಮುಗಿಸೋಷ್ಟರಲ್ಲಿ ಈ ದರಿದ್ರ ಭುಜ ಹಿಡ್ಕೊಳ್ತು. ಇಲ್ದಿದ್ರೆ ಪೂರ್ತಿ ಹಚ್ಚಿಬಿಡ್ತಿದ್ದೆ."

ಮಗಳು ಒರೆಸುವುದನ್ನು ನಿಲ್ಲಿಸಿದಳು. ಮಗಳೇ ಗೆಲ್ಲಲಿ ಎಂದು ಅಪ್ಪನಿಗಿತ್ತು! ಇಷ್ಟು ದಿನದಲ್ಲಿ ಆ ಮನುಷ್ಯ ಒಂದು ಸಲ ಬಾಯಿಬಿಟ್ಟು ಹೇಳಿದ್ದರೆ ಗಂಟೇನು ಹೋಗುತ್ತಿತ್ತು? ಅವಳಿಗೆ ಸಂತೋಷಕ್ಕೆ ಮೊದಲು ಅಳು ಬಂತು, ಹಿಂದೆಯೇ ನಗು ಬಂತು.

"ನಿನ್ನ ಭುಜಕ್ಕೆ ಪುಣ್ಯ ಬರ್ಲಿ. ಬಾ ಈ ಕಡೆ, ಸ್ಪಿರಿಟ್ ತಗೋ. ನೀನು ಹಚ್ಚಿದ್ದನ್ನ ನೀನೇ ತೆಗಿ. ಎಡಗೈಲಿ."

ಅವಳು ಮತ್ತೊಮ್ಮೆ ಯಂತ್ರ ತಿರುಗಿಸಿದಳು, ಅವನು ಹಿಂದೆಯೇ ಒರೆಸುತ್ತ ಬಂದ. ಜೀವಮಾನವಿಡೀ ಮೇಣ ಹಚ್ಚಿದವನು ಮೇಣ ತೆಗೆದದ್ದು ಅದೇ ಮೊದಲು. ಜಿಡ್ಡೆಲ್ಲ ಹೋಗಿ ಬಟ್ಟೆ ಕಿರ್ರೆಂದು ಸದ್ದು ಮಾಡಿದ ಮೇಲೆ ಅವಳು ದ್ರಾವಣದ ಹನಿ ಬಿಟ್ಟು ಎಳೆದಳು. ಈ ಸಲ ಅದು ಹೇಳಿದ ಮಾತು ಕೇಳಿತು. ಲೇಪದ ಮೇಲೆ ಕಾಮನಬಿಲ್ಲಿನ ಛಾಯೆ ಏಳಬೇಕು, ಎದ್ದ ಕೂಡಲೇ ಒರೆಸಬೇಕು. ಮುಂಚೆ ಒರೆಸಿದರೆ ನಿಲ್ಲದು, ತಡವಾದರೆ ಕಲೆ. ಅಪ್ಪ ದೀಪ ಹಿಡಿದು ಬಗ್ಗಿ ನೋಡುತ್ತಿದ್ದ. "ಎದ್ತು, ಎದ್ತು! ಒರೆಸೇ!" ಎಂದು ಅವನು ಕೂಗುವುದು, ಅವಳು ಒರೆಸುವುದು. ಮಧ್ಯಾಹ್ನದ ಹೊತ್ತಿಗೆ ಇಡೀ ಕಾರು ಮುಗಿದಿತ್ತು, ಅಪ್ಪನ ಗಂಟಲೂ ಬಿದ್ದಿತ್ತು.

ಸೋಮವಾರ ಟೈರಿನವನು ಬರಿಗೈಯಲ್ಲಿ ಬರಲಿಲ್ಲ. ಬಕೆಟ್ಟಿನಲ್ಲಿ ಕೆಸರು ಕದಡಿ ತಂದಿದ್ದ. "ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?" ಎಂದವನೇ ಬಾನೆಟ್ಟಿನ ಮೇಲೆ ಸುರಿದ. ಅಪ್ಪ ಕಣ್ಣು ಮುಚ್ಚಿಕೊಂಡ.

ಮಗಳು ಪೈಪು ಹಿಡಿದಳು. ಕೆಸರು ಇಡಿಯಾಗಿ ಜಾರಿ ನೆಲಕ್ಕೆ ಬಿತ್ತು. ಅದರ ಹಿಂದೆ ನೀರೂ ಮಣಿಮಣಿಯಾಗಿ ಉರುಳಿ ಓಡಿತು. ಬೀದಿಯಲ್ಲಿ ನಿಂತು ನೋಡುತ್ತಿದ್ದವರು ಹೋ ಎಂದರು. ಟೈರಿನವನು ಬಾನೆಟ್ಟಿನ ಮೇಲೆ ಬೆರಳಾಡಿಸಿದ, ಬಗ್ಗಿ ನೋಡಿದ, ಎದ್ದು ನೋಡಿದ. ಸಿಕ್ಕಿದ್ದು ಅವನ ಬೆರಳಿನ ಕೆಸರೇ.

"ನನಗೆ ಮೊದ್ಲೇ ಗೊತ್ತಿತ್ತು," ಎಂದ. "ಸುಮ್ನೆ ಪರೀಕ್ಷೆ ಮಾಡ್ದೆ ಅಷ್ಟೆ." ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಗುಂಪಿನಲ್ಲಿದ್ದ ಔಷಧಿ ಅಂಗಡಿಯವರು ಮುಂದೆ ಬಂದರು. "ಪಾಲಿಶಣ್ಣ, ನನ್ನ ಕಾರಿಗೂ ಇದನ್ನೇ ಮಾಡಿಕೊಡಿ. ಯಾವತ್ತು ತರ್ಲಿ?"

ಅಪ್ಪ ಎದೆಯುಬ್ಬಿಸಿ ನಿಂತ. ಬಿದ್ದ ಗಂಟಲಲ್ಲೇ ಬೀದಿಗೆಲ್ಲ ಕೇಳುವ ಹಾಗೆ ಹೇಳಿದ: "ನನ್ನ ಕೇಳಿದ್ರೆ? ಓನರು ಅಲ್ಲಿದ್ದಾರೆ ನೋಡಿ, ಅವರನ್ನ ಕೇಳಿ."

ಮಗಳ ಕೈಯಲ್ಲಿದ್ದ ಪೈಪು ಸುಮ್ಮನೆ ನೆಲಕ್ಕೆ ನೀರು ಸುರಿಯುತ್ತಿತ್ತು. ಅವಳು ಅತ್ತ ತಿರುಗಿದಾಗ ಅಪ್ಪ ಗಿರಾಕಿಗಳ ಕುರ್ಚಿಯನ್ನು ಕಾರಿನ ಪಕ್ಕಕ್ಕೆ ಎಳೆದುಕೊಂಡು ಕೂತಿದ್ದ. ಜೇಬಿನಿಂದ ಬಾಚಣಿಗೆ ತೆಗೆದು, ನೀಲಿ ಬಾಗಿಲಿನಲ್ಲಿ ಮುಖ ನೋಡಿಕೊಳ್ಳುತ್ತ, ಎಡಗೈಯಲ್ಲಿ ನಿಧಾನವಾಗಿ ಬೈತಲೆ ತೆಗೆಯುತ್ತಿದ್ದ.