ವಕೀಲರಿಗೆ ಬಿದ್ದ ಹೆಸರು

ಮರುಭೂಮಿಯ ನೀರುಗುಂಡಿಯ ಪಕ್ಕ, ಮುಲ್ಗಾ ಎಂಬ ಕುರುಚಲು ಮರಗಳಿಗೆ ಟಾರ್ಪಾಲು ಕಟ್ಟಿ ಕೋರ್ಟು ಕೂತಿತ್ತು. ಈ ನೆಲ ತಲೆತಲಾಂತರದಿಂದ ನಮ್ಮದು ಎಂದು ಅಲ್ಲಿನ ಆದಿವಾಸಿಗಳ ಪರವಾಗಿ ಸಾಕ್ಷಿ ಹೇಳಬೇಕಾದವಳು ವಿನ್ನಿ ಅಜ್ಜಿ. ಮೂವತ್ತೊಂಬತ್ತು ನೀರುಗುಂಡಿಗಳ ಜಾಗ, ಕತೆ, ಹಾಡು ಎಲ್ಲ ಬಲ್ಲವರಲ್ಲಿ ಉಳಿದಿದ್ದವಳು ಅವಳೊಬ್ಬಳೇ. ಅವಳ ಮಾತನ್ನು ಕೋರ್ಟು ನಂಬದಿದ್ದರೆ ಹಕ್ಕಿನ ಆಸೆ ಅಲ್ಲಿಗೇ ಮುಗಿದಂತೆ.

ಬೆಳಿಗ್ಗೆಯಿಂದ ಅಜ್ಜಿ ಒಂದು ಕಡೆಯೂ ತಪ್ಪಿರಲಿಲ್ಲ. ಎಲ್ಲಿ ಎಷ್ಟು ಆಳ ತೋಡಿದರೆ ನೀರು, ಯಾವ ಗುಂಡಿ ಬೇಸಿಗೆಯಲ್ಲಿ ಕೈಕೊಡುತ್ತದೆ, ಎಲ್ಲವನ್ನೂ ಪಟಪಟನೆ ಹೇಳಿದ್ದಳು. ಎಡವಟ್ಟಾದದ್ದು ಎದುರು ಪಕ್ಷದ ವಕೀಲರ ಹೆಸರಿನಿಂದ. ಎರಡು ವರ್ಷದ ಹಿಂದೆ ತೀರಿಕೊಂಡ ಅವಳ ಅಣ್ಣನ ಹೆಸರೂ ಅದೇ. ಅವಳ ಜನರ ಕಟ್ಟಳೆಯಂತೆ ಸತ್ತವರ ಹೆಸರು ವರ್ಷಗಟ್ಟಲೆ ಯಾರ ಬಾಯಲ್ಲೂ ಬರಕೂಡದು. ಆ ಹೆಸರಿಟ್ಟುಕೊಂಡು ಬದುಕಿರುವವರೆಲ್ಲ ಅಲ್ಲಿಯತನಕ ಕುನ್ಮಣರ, ಅಂದರೆ ಹೆಸರು ಹೇಳಬಾರದವರು. ಇಲ್ಲೂ ಅದನ್ನು ಹೇಳುವುದಿಲ್ಲ, ಕೇಳಬೇಡಿ! ಇಷ್ಟೆಲ್ಲ ಓದಿದವರಿಗೆ ಇಷ್ಟೂ ಗೊತ್ತಿರುವುದಿಲ್ಲವೇ ಎಂದುಕೊಂಡು ಅಜ್ಜಿ ಯಾರಿಗೂ ವಿವರಿಸಲು ಹೋಗಿರಲಿಲ್ಲ.

ಅಜ್ಜಿ ಒಮ್ಮೆಯೂ ತಮ್ಮ ಹೆಸರೆತ್ತದ್ದಕ್ಕೆ ಮಧ್ಯಾಹ್ನ ವಕೀಲರಿಗೆ ರೇಗಿತು. "ಅಮ್ಮಾ, ನನ್ನ ಹೆಸರು ಮೂರು ಸಲ ಹೇಳಿದೀನಿ. ಏನದು, ಹೇಳಿ ನೋಡೋಣ?"

"ಕುನ್ಮಣರ."

ವಕೀಲರು ನ್ಯಾಯಾಧೀಶೆಯ ಕಡೆ ತಿರುಗಿದರು. "ನೋಡಿದ್ರಾ ಮೇಡಂ? ಬೆಳಿಗ್ಗೆ ಹೇಳಿದ ಹೆಸರೇ ನೆನಪಿಲ್ಲ. ಅರವತ್ತು ವರ್ಷದ ಹಿಂದಿನ ಗುಂಡಿಗಳು ನೆನಪಿವೆ ಅಂದ್ರೆ ನಂಬೋದು ಹೇಗೆ?"

ಅಜ್ಜಿಯ ಪರ ವಕೀಲೆ ಅವಳ ಕಿವಿಯತ್ತ ಬಗ್ಗಿದಳು. "ಅಜ್ಜೀ, ಒಂದೇ ಒಂದ್ಸಲ ಹೇಳಿಬಿಡಿ. ಕೇಸೇ ಹೋಗತ್ತೆ," ಎಂದು ಪಿಸುಗುಟ್ಟಿದಳು.

"ಹೋದ್ರೆ ಹೋಗ್ಲಿ. ಆ ಹೆಸರು ಹೇಳಿ ಗೆದ್ದ ನೆಲದ ಮೇಲೆ ಯಾವ ಮುಖ ಹೊತ್ತು ಓಡಾಡ್ಲಿ?"

ಅಂದವಳು ವಕೀಲರತ್ತ ತಿರುಗಿದಳು. 

"ನಿನ್ನ ಹೆಸರು ನೀನು ಹುಟ್ಟೋ ಮೊದ್ಲೇ ನಂಗೆ ಗೊತ್ತು ಕಣಪ್ಪಾ. ಈ ಗುಂಡಿ ತೋಡೋದು ಕಲಿಸಿದವನದೂ ಅದೇ ಹೆಸರು. ಅವನೀಗಿಲ್ಲ. ನಮ್ಮ ಕಟ್ಟಳೆ ಮುಗಿಯೋ ತನಕ ನೀನೂ ಕುನ್ಮಣರನೇ. ಬೇಜಾರು ಮಾಡ್ಕೋಬೇಡ, ನಮ್ಮ ಅಂಗಡಿಯವನೂ ಕುನ್ಮಣರ, ಪೊಲೀಸಪ್ಪನೂ ಕುನ್ಮಣರ!"

ನ್ಯಾಯಾಧೀಶೆ ಮರಳಿನ ಮೇಲೆ ಕೂತಿದ್ದ ಅಜ್ಜಿಯ ಕಡೆಯ ಮೂವತ್ತು ನಲವತ್ತು ಜನರತ್ತ ನೋಡಿದರು. "ಈ ವಕೀಲರ ಹೆಸರೇನು?"

"ಕುನ್ಮಣರ!"

ಹಲ್ಲಿಲ್ಲದ ಮುದುಕರಿಂದ ಹಿಡಿದು ಮಡಿಲ ಮಕ್ಕಳವರೆಗೆ ಒಂದೇ ಉಸಿರಿಗೆ ಕೂಗಿದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಭಲೇ, ಜನವೆಂದರೆ ಇವರು! ಬಿಳಿಯರು ನೂರು ವರ್ಷ ಬೇಲಿ ಹಾಕಿ ಅಟ್ಟಿದರೂ ಒಬ್ಬರೂ ಕಟ್ಟಳೆ ಬಿಟ್ಟಿರಲಿಲ್ಲ.

ನ್ಯಾಯಾಧೀಶೆ ಗುಮಾಸ್ತನಿಗೆ ಹೇಳಿದರು. "ಸಾಕ್ಷಿಯ ನೆನಪಿನಲ್ಲಿ ಏನೂ ದೋಷ ಇಲ್ಲ ಅಂತ ಬರ್ಕೊಳ್ಳಿ." ಆಮೇಲೆ ವಕೀಲರನ್ನು ನೋಡಿ, ಒಂದಿಷ್ಟೂ ನಗದೆ, "ಮುಂದಿನ ಪ್ರಶ್ನೆ ಕೇಳಿ, ಕುನ್ಮಣರ ಅವರೇ," ಎಂದರು.

ತನ್ನ ಜನರ ಕಟ್ಟಳೆಗೆ ಕೋರ್ಟು ತಲೆಬಾಗಿದ್ದನ್ನು ಎಪ್ಪತ್ತೆರಡು ವರ್ಷದಲ್ಲಿ ವಿನ್ನಿ ಕಂಡದ್ದು ಅದೇ ಮೊದಲು. ಅಣ್ಣ ಸತ್ತಾಗ ಅತ್ತಿದ್ದಕ್ಕಿಂತ ಜೋರಾಗಿ, ಎಲ್ಲರೆದುರೇ ಅತ್ತುಬಿಟ್ಟಳು.