ಡ್ವೇನನ ಬಲಗೈ

ಟೊಲೀಡೊ ಫೌಂಡ್ರಿಮೆನ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಎಮಿಲ್ ಕೊವಾಚ್ ಹನ್ನೊಂದು ವರ್ಷ ಎಡಗಡೆಯ ಗಾರ್ಡ್ ಆಗಿದ್ದ. ಚೆಂಡು ಹಿಡಿದವನ ಮುಂದೆ ನಿಂತು ಎದುರಾಳಿಯನ್ನು ಎದೆಕೊಟ್ಟು ತಳ್ಳುವ ಕೆಲಸ; ಹೆಸರಿಲ್ಲ, ಚಪ್ಪಾಳೆಯಿಲ್ಲ. ಆದರೂ ಆ ಜಾಗ ಅವನದು. 1974ರಲ್ಲಿ ಜಾರ್ಜಿಯಾದಿಂದ ಡ್ವೇನ್ ಪ್ರೂಟ್ ಎಂಬ ಇಪ್ಪತ್ತೆರಡರ ಆಟಗಾರ ಬಂದ, ಜಾಗ ಹೋಯಿತು. ಎಮಿಲ್ ಬೆಂಚಿಗೆ ಬಿದ್ದ. ಹೊಟ್ಟೆಕಿಚ್ಚು ಅಂದರೆ ಅಂತಿಂಥದ್ದಲ್ಲ ಮಾರಾಯರೇ. ಡ್ವೇನ್ ಎರಡನೇ ಸಲ ಆಲೂಗಡ್ಡೆ ಬಡಿಸಿಕೊಂಡರೂ ಇವನಿಗೆ ಉರಿಯುತ್ತಿತ್ತು. ಅದರ ಮೇಲೆ ಅವನು ‘ಎಮಿಲಣ್ಣ’ ಎಂದು ಬೇರೆ ಕರೆಯುತ್ತಿದ್ದ!

ನವೆಂಬರಿನ ಒಂದು ಮಂಗಳವಾರ, ಹಿಂದಿನ ಪಂದ್ಯದ ಫಿಲ್ಮ್ ನೋಡುವಾಗ ಎಮಿಲ್ ಒಂದು ಸಂಗತಿ ಕಂಡುಹಿಡಿದ. ಚೆಂಡು ಹೊತ್ತು ಓಡುವ ಆಟವಾದರೆ ಡ್ವೇನ್, ಶುರುವಿಗೆ ಮುನ್ನ ಬಗ್ಗಿ ನೆಲಕ್ಕೂರಿದ ಬಲಗೈ ಮೇಲೆ ಮೈಭಾರವನ್ನೆಲ್ಲ ಹಾಕುತ್ತಿದ್ದ. ಎಸೆಯುವ ಆಟವಾದರೆ ಕೈ ಬರೀ ಹುಲ್ಲು ಮುಟ್ಟುತ್ತಿತ್ತು. ಬರುವ ಆಟ ಯಾವುದೆಂದು ಎದುರಿನವನಿಗೆ ಕಾಗದ ಬರೆದು ತಿಳಿಸಿದಂತೆಯೇ. ಕೋಚ್ ಹ್ಯಾಲೊರನ್‌ಗೆ ಅದು ಕಾಣಲಿಲ್ಲ. ಎಮಿಲ್ ಬಾಯಿ ಬಿಡಲಿಲ್ಲ. ತಿನ್ನಲಿ ಒದೆ, ತನ್ನ ಜಾಗ ತಾನಾಗಿ ವಾಪಸ್ ಬರುತ್ತದೆ ಎಂದುಕೊಂಡ.

ಐದು ವಾರ ಡ್ವೇನ್ ಒದೆ ತಿಂದ. ಪಕ್ಕೆಲುಬು ಬಿರುಕು ಬಿಟ್ಟರೂ ಆಡಿದ. ತಂಡ ಮೂರು ಪಂದ್ಯ ಸೋತು, ಕೊನೆಯ ಭಾನುವಾರ ಗೆದ್ದರಷ್ಟೇ ಮುಂದಿನ ಸುತ್ತು ಎಂಬಲ್ಲಿಗೆ ಬಂದು ನಿಂತಿತು.

ಆ ಭಾನುವಾರ ಅರ್ಧ ಆಟ ಮುಗಿಯುವಷ್ಟರಲ್ಲಿ ಡ್ವೇನ್ ನಾಲ್ಕು ಸಲ ಮಣ್ಣು ಮುಕ್ಕಿದ್ದ. ಸಹಾಯಕ ಕೋಚ್ ಕೇಳಿದ: “ಎಮಿಲ್‌ನ ಇಳಿಸೋಣ್ವಾ?”

“ಅವನ ಮೊಣಕಾಲು ನೋಡಿದೀಯೇನಯ್ಯಾ? ಮುಗೀತು ಅವನ ಕಥೆ. ಡ್ವೇನೇ ಆಡ್ಲಿ ಬಿಡು,” ಎಂದ ಹ್ಯಾಲೊರನ್. ಎಮಿಲ್ ಪಕ್ಕದಲ್ಲೇ ಕೂತಿದ್ದಾನೆ ಎಂಬ ಸಂಕೋಚವೂ ಅವನಿಗಿರಲಿಲ್ಲ.

ಎಮಿಲ್‌ಗೆ ಕಪಾಳಕ್ಕೆ ಹೊಡೆದಂತಾಯಿತು. ಡ್ವೇನ್ ಬಿದ್ದು ಕಾಲು ಮುರಿದುಕೊಂಡರೂ ಆ ಜಾಗ ಇನ್ನು ತನ್ನದಲ್ಲ. ಹಾಗಾದರೆ ಇಷ್ಟು ದಿನ ಬಾಯಿ ಮುಚ್ಚಿಕೊಂಡದ್ದು ಯಾವ ಸುಖಕ್ಕೆ? ಎದ್ದುಹೋಗಿ ಡ್ವೇನನ ತೋಳು ಹಿಡಿದ.

“ಲೋ, ಓಡೋ ಆಟ ಬಂದ್ರೆ ಕೈಮೇಲೆ ಅಷ್ಟು ಭಾರ ಯಾಕೋ ಹಾಕ್ತೀಯ? ಎದುರಿನವನಿಗೆ ನೀನೇ ಹೇಳಿಕೊಡ್ತಿದೀಯ. ಎಸೆಯೋ ಆಟಕ್ಕೂ ಹಂಗೇ ಊರು, ಏನ್ಮಾಡ್ತಾನೆ ನೋಡೋಣ.”

ಎದುರಿನವನು ಬೇಸ್ತುಬಿದ್ದ. ಟೊಲೀಡೊ ಮೂರು ಅಂಕದಿಂದ ಗೆದ್ದಿತು.

ಗೆದ್ದ ದಿನ ಪಂದ್ಯದ ಚೆಂಡನ್ನು ಚೆನ್ನಾಗಿ ಆಡಿದವನಿಗೆ ಕೊಡುವುದು ವಾಡಿಕೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಹ್ಯಾಲೊರನ್ ಅದನ್ನು ಡ್ವೇನನಿಗೆ ಕೊಟ್ಟ. ಡ್ವೇನ್ ಅದನ್ನು ತಂದು ಎಮಿಲ್‌ನ ಕೈಗಿಟ್ಟ.

“ಇದು ಎಮಿಲಣ್ಣಂದು! ಐದು ವಾರದಿಂದ ಯಾರಿಗೂ ಕಾಣದೇ ಇದ್ದದ್ದು ಇವರಿಗೆ ಒಂದೇ ನೋಟಕ್ಕೆ ಕಾಣ್ತು ಕಣ್ರೋ!”

ಎಲ್ಲರೂ ಚಪ್ಪಾಳೆ ತಟ್ಟಿದರು. ಹನ್ನೊಂದು ವರ್ಷದಲ್ಲಿ ಒಬ್ಬರೂ ಎಮಿಲ್‌ಗೆ ಚೆಂಡು ಕೊಟ್ಟಿರಲಿಲ್ಲ. ಈಗ ಸಿಕ್ಕಿದೆ, ಅದೂ ಇವನ ಕೈಯಿಂದ. ಥೂ, ಜಾಗ ಕಿತ್ತುಕೊಂಡದ್ದು ಸಾಲದು, ದೊಡ್ಡ ಮನಸ್ಸೂ ಇವನಿಗೇ ಇರಬೇಕಾ? ಮಾತು ತಡೆಯಲಾಗಲಿಲ್ಲ.

“ಒಂದೇ ನೋಟ ಅಲ್ಲ ಕಣೋ. ಐದು ವಾರದ ಹಿಂದೇನೇ ನೋಡಿದ್ದೆ.”

ಚಪ್ಪಾಳೆ ನಿಂತಿತು. ಡ್ವೇನ್ ಒಂದು ಗಳಿಗೆ ಅವನ ಮುಖವನ್ನೇ ನೋಡಿದ. “ಕೊಡಿ ಇಲ್ಲಿ,” ಎಂದು ಕೈಚಾಚಿದ. ಎಮಿಲ್ ಚೆಂಡು ಕೊಟ್ಟ.