ತುತ್ತೂರಿ ಮೇಷ್ಟ್ರ ಸಾಕ್ಷಿ

ಗಣಿತದ ಮೇಷ್ಟ್ರು ಒಮ್ಮೆ ‘ಆಮೆನ್’ ಎಂದರೆ ಪಕ್ಕದೂರಿನ ಗಂಟೆಗಳು ತಾವಾಗಿಯೇ ಬಾರಿಸಿಕೊಳ್ಳುತ್ತಿದ್ದವು, ಆಕಾಶದಲ್ಲಿ ಹೋಗುವ ವಿಮಾನ ಗಕ್ಕನೆ ನಿಂತು, ತಲೆಬಾಗಿ, ಆಮೇಲೆ ಮುಂದೆ ಹೋಗುತ್ತಿತ್ತು. ಕಣ್ಣಾರೆ ಕಂಡವರು ಮಾತ್ರ ಯಾರೂ ಇಲ್ಲ, ಪ್ರಾರ್ಥನೆಯ ಹೊತ್ತಿಗೆ ಎಲ್ಲರೂ ಕಣ್ಣು ಮುಚ್ಚಿರುತ್ತಿದ್ದರಲ್ಲ! ವಿಶ್ವವಿದ್ಯಾಲಯ ಅವರಿಗೆ ತುತ್ತೂರಿ ಎಂದು ಸುಮ್ಮನೆ ಹೆಸರಿಟ್ಟಿರಲಿಲ್ಲ.

ವರ್ಷಕ್ಕೊಮ್ಮೆ ಸಾಮೂಹಿಕ ಪ್ರಾರ್ಥನೆಯ ದಿನ. ಅಂದು ಪಾಠವಿಲ್ಲ, ಪ್ರಯೋಗಾಲಯಕ್ಕೆ ಬೀಗ, ಎಲ್ಲರೂ ಆವರಣದ ಪ್ರಾರ್ಥನಾಮಂದಿರವಾದ ಚಾಪೆಲ್‌ನಲ್ಲಿ. ಹಿಂದಿನ ವರ್ಷ ಯಾರಿಗಾಗಿ ಬೇಡಿಕೊಂಡಿದ್ದರೋ ಅವರ ಮನೆಯವರು ಎದ್ದು, ಏನಾಯಿತೆಂದು ಸಾಕ್ಷಿ ಹೇಳಬೇಕು. ಒಳ್ಳೆಯದೇನೂ ಆಗದವರಿಗೆ ಅಂದು ಬೆಳಿಗ್ಗೆಯೇ ಜ್ವರ ಬಂದುಬಿಡುತ್ತಿತ್ತು.

ಕಳೆದ ವರ್ಷ ಮೇಷ್ಟ್ರು ಕುಡುಕ ತಮ್ಮನಿಗಾಗಿ ಕೇಳಿಕೊಂಡಿದ್ದರು. ಮರುವಾರವೇ ಸ್ಟಾಫ್ ರೂಮಿನಲ್ಲಿ “ಬಿಟ್ಟೇಬಿಟ್ಟ!” ಎಂದರು. ಆಮೇಲೆ ಕತೆ ಬೆಳೆಯಿತು. ತಮ್ಮ ಒಂದೇ ಒಂದು ಮಾತ್ರೆ ನುಂಗಿರಲಿಲ್ಲ. ಈಗ ಅವನನ್ನು ಕಂಡರೆ ಬಾಟಲಿಯೇ ಹೆದರಿ ಓಡುತ್ತಿತ್ತು.

ಚಾಪೆಲ್‌ನ ಮೆಟ್ಟಿಲ ಬಳಿ ಈ ವರ್ಷದ ಪ್ರಾರ್ಥನೆಯ ದಿನ ಲೈಬ್ರರಿಯ ಅಕ್ಕ ಮೇಷ್ಟ್ರಿಗಾಗಿ ಕಾದಿದ್ದರು. ಪಕ್ಕದಲ್ಲಿ, ಕುಡಿತ ಬಿಡಿಸಲೆಂದು ಆಸ್ಪತ್ರೆಗೆ ಸೇರಿಸಿದ್ದ ಅವರ ಗಂಡ, ಬಟ್ಟೆಯ ಚೀಲವನ್ನು ಎದೆಗವಚಿಕೊಂಡು.

“ಓಹೋ, ಆಸ್ಪತ್ರೆಯಿಂದ ಬಿಟ್ರಾ?” ಎಂದರು ಮೇಷ್ಟ್ರು.

“ಬಿಡ್ಲಿಲ್ಲ ಮೇಷ್ಟ್ರೇ, ನಾನೇ ಬಿಡಿಸ್ಕೊಂಡು ಬಂದೆ. ಈಗ ಮಾತ್ರೆ ನಿಲ್ಲಿಸಿದ್ರೆ ಫಿಟ್ಸ್ ಬರುತ್ತೆ, ಜೀವಕ್ಕೇ ಅಪಾಯ ಅಂತ ಡಾಕ್ಟ್ರು ಹೆದರಿಸಿದ್ರು. ಮೇಷ್ಟ್ರ ತಮ್ಮ ಯಾವ ಮಾತ್ರೆ ನುಂಗಿದ್ದ, ಹೇಳಿ ನೋಡೋಣ ಅಂದೆ. ಬಾಯಿ ಮುಚ್ಕೊಂಡ್ರು.”

ಗಂಡ ಮೆಲ್ಲಗೆ ಕೇಳಿದ: “ನಿಮ್ಮ ತಮ್ಮನಿಗೂ ಕೈ ಹೀಗೇ ನಡುಗ್ತಿತ್ತಾ ಸಾರ್?”

“ನಡುಗೋದಾ? ಅವನು ನಡುಗಿದ್ರೆ ಮನೆ ಹೆಂಚು ಉದುರ್ತಿತ್ತಪ್ಪಾ!”

ರೂಢಿಯಂತೆ ಬಾಯಿ ಆಡಿಬಿಟ್ಟಿತ್ತು. ಆತ ನಕ್ಕ; ನಗುವಾಗಲೂ ಹಲ್ಲು ಕಟಕಟ ಎನ್ನುತ್ತಿತ್ತು. ಹಣೆಯಲ್ಲಿ ಬೆವರು. ಮೇಷ್ಟ್ರು ಮುಖ ತಿರುಗಿಸಿ ಸರಸರನೆ ಮೆಟ್ಟಿಲು ಹತ್ತಿದರು.

ಒಳಗೆ ಪಾದ್ರಿಗಳು ಸಾಕ್ಷಿಗೆ ಮೊದಲು ಮೇಷ್ಟ್ರನ್ನೇ ಕರೆದರು. ಕುರ್ಚಿ ಸಾಲದೆ ವಿದ್ಯಾರ್ಥಿಗಳು ಗೋಡೆಗೊರಗಿ ನಿಂತಿದ್ದರು. ಒಂದು ಕೋಟಿ ಜನವಾದರೂ ಇದ್ದಾರು ಎಂದು ಮೇಷ್ಟ್ರಿಗೆ ಅನಿಸಿತು. ಮೈಕ್ ಹಿಡಿದು “ನನ್ನ ತಮ್ಮ…” ಎಂದರು.

ಮುಂದಿನ ಬೆಂಚಿನಿಂದ ಅಕ್ಕ ಎದ್ದು ನಿಂತರು. “ಮೇಷ್ಟ್ರೇ, ನಿಮ್ಮ ತಮ್ಮ ಎಷ್ಟು ದಿನಕ್ಕೆ ಸರಿಹೋದ? ಅಲ್ಲೀವರೆಗೂ ಇವರನ್ನ ಹೇಗೋ ಹಿಡ್ಕೊಂಡಿರ್ತೀನಿ.”

ಮೇಷ್ಟ್ರ ಕಣ್ಣು ಹೆಂಡತಿಯನ್ನು ಹುಡುಕಿತು. ಆಕೆ ತಲೆ ತಗ್ಗಿಸಿ ಕೂತಿದ್ದವಳು ಎಲ್ಲರಿಗೂ ಕೇಳುವಂತೆ ಹೇಳಿದಳು: “ಹೇಳ್ರೀ. ನಿನ್ನೆ ನಿಮ್ಮ ತಮ್ಮ ಎಲ್ಲಿ ಬಿದ್ದಿದ್ದ, ಹೇಳಿ ಅವರಿಗೆ.”

“ನಮ್ಮನೆ ಬಾಗಿಲ ಮುಂದೆ,” ಎಂದರು ಮೇಷ್ಟ್ರು. ದನಿ ಮೈಕ್‌ನಲ್ಲೂ ಸಣ್ಣಗೇ ಕೇಳಿತು. “ಕುಡಿದು ಬಿದ್ದಿದ್ದ. ಒಂದು ದಿನವೂ ಬಿಟ್ಟಿಲ್ಲ ಅಕ್ಕ. ನೀವೆಲ್ಲ ಪ್ರಾರ್ಥನೆ ಮಾಡಿದ್ದು ನಿಜ, ಮಿಕ್ಕಿದ್ದೆಲ್ಲ ನಾನು ಕಟ್ಟಿದ್ದು. ಇವರನ್ನ ಈಗ್ಲೇ ವಾಪಸ್ ಕರ್ಕೊಂಡು ಹೋಗಿ.”

ಅಕ್ಕ ಗಂಡನ ರಟ್ಟೆ ಹಿಡಿದು ಬಾಗಿಲ ಕಡೆ ಹೆಚ್ಚುಕಡಿಮೆ ಓಡಿದರು.

ಆ ಬೆನ್ನಿಗೆ ಮೇಷ್ಟ್ರು ಇನ್ನೂ ಹೇಳುತ್ತಿದ್ದರು: “ತಮ್ಮನನ್ನ ಆಸ್ಪತ್ರೆಗೆ ಸೇರಿಸಿ ಅಂತ ನನ್ನ ಹೆಂಡತಿ ಬಡ್ಕೊಂಡ್ಲು. ಸರಿಹೋದ ಅಂತ ಊರಿಗೆಲ್ಲ ಸಾರಿದ್ನಲ್ಲ… ಯಾವ ಮುಖ ಇಟ್ಕೊಂಡು ಸೇರಿಸ್ಲಿ? ಅವನನ್ನ ಮನೇಲೇ ಬಚ್ಚಿಟ್ಟಿದ್ದೀನಿ.”